ಫುಗಾಜಿ ಬ್ಯಾಂಡಿನ ಆಲ್ಬಂಗಳಲ್ಲಿ ಮೊದಲು ಯಾವುದನ್ನು ಕೇಳಬೇಕು?

ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಫುಗಾಜಿಯ ಎರಡು ಮೂರು ಹಾಡು ಕೇಳಿದೆ, ಬರೀ ಅರಚಾಟ ಅನ್ನಿಸಿತು, ಯಾವ ಆಲ್ಬಂನಿಂದ ಆರಂಭಿಸಿದರೆ ರುಚಿ ಹತ್ತೀತು ಎಂದು ಕೇಳಿದ್ದೀರಿ. ಕೊನೆಯದರಿಂದ ಆರಂಭಿಸಿ ಹಿಂದಕ್ಕೆ ನಡೆಯಿರಿ ಎನ್ನುತ್ತೇನೆ. ಇನ್ನೊಂದು ಮಾತು: ಮೊದಲ ಸಲ ಕೇಳುವಾಗ ಹಾಡುವವರ ದನಿಯನ್ನು ಅದರ ಪಾಡಿಗೆ ಬಿಟ್ಟು, ತಗ್ಗು ಸ್ವರದ ಬೇಸ್ ಗಿಟಾರಿನ ಬೆನ್ನು ಹತ್ತಿ.

ನನಗೆ ಈ ಬ್ಯಾಂಡ್ ಸಿಕ್ಕಿದ್ದು ಒಂದು ರಾತ್ರಿ ಬಸ್ಸಿನಲ್ಲಿ, ಅವರ ಮೊದಲ ಇಪಿಯ (ಕೆಲವೇ ಹಾಡುಗಳ ಕಿರು ಆಲ್ಬಂ) ಮೊದಲ ಹಾಡಿನಿಂದ. ಬೇಸ್ ಒಂದೇ ಹೊರಡುತ್ತದೆ, ಯಾರದೋ ನಡಿಗೆಯ ಹಾಗೆ. ಗಿಟಾರ್, ಡ್ರಮ್ ಬಂದು ಸೇರಿಕೊಂಡವು. ಇನ್ನೇನು ಹಾಡು ಎತ್ತಿಕೊಳ್ಳುತ್ತದೆ ಎನ್ನುವಷ್ಟರಲ್ಲಿ ಎಲ್ಲವೂ ಒಮ್ಮೆಲೇ ನಿಂತುಹೋಯಿತು. ಮೊಬೈಲ್ ಚಾರ್ಜ್ ಮುಗಿಯಿತೆಂದು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅದೇ ಬೇಸ್ ಸಾಲು, ಏನೂ ಆಗಿಲ್ಲವೆಂಬಂತೆ, ಮತ್ತೆ ಹೆಜ್ಜೆ ಹಾಕಿತು. ಆ ಕೆಲವು ಸೆಕೆಂಡುಗಳ ಮೌನಕ್ಕೆ ನಾನು ಸೋತೆ. ಈ ನಾಲ್ವರ ದೊಡ್ಡ ಗುಣ ಅದೇ: ಯಾವಾಗ ನುಡಿಸಬಾರದು ಎಂಬುದು ಅವರಿಗೆ ಗೊತ್ತು. ಆಲ್ಬಂನಿಂದ ಆಲ್ಬಂಗೆ ಅವರು ಹೆಚ್ಚಿಸಿಕೊಂಡದ್ದು ಸದ್ದನ್ನಲ್ಲ, ಬಿಡುವನ್ನು.

ವಾಷಿಂಗ್ಟನ್ ನಗರದಲ್ಲಿ 1987ರಲ್ಲಿ ವೇದಿಕೆ ಹತ್ತಿದವರು ಇವರು. ಗಿಟಾರ್ ಮತ್ತು ಗಾಯನ ಇಯಾನ್ ಮೆಕೈ, ಬೇಸ್ ಜೋ ಲ್ಯಾಲಿ, ಡ್ರಮ್ ಬ್ರೆಂಡನ್ ಕ್ಯಾಂಟಿ. ಗೀ ಪಿಚೊಟ್ಟೊ ಮೊದಮೊದಲು ಹಾಡುತ್ತಿದ್ದರು ಅಷ್ಟೇ, ಕೈಯಲ್ಲಿ ಗಿಟಾರ್ ಇರಲಿಲ್ಲ. ಮೆಕೈ ಅದಕ್ಕೂ ಮೊದಲು ಇದ್ದ ‘ಮೈನರ್ ಥ್ರೆಟ್’ ಬ್ಯಾಂಡ್ ಒಂದೂವರೆ ನಿಮಿಷಕ್ಕೆ ಹಾಡು ಮುಗಿಸುವ ಬಿರುಸಿನದು. ಆ ಬಿರುಸಿಗೆ ಜಮೈಕಾದ ರೆಗೇ ಸಂಗೀತದ ನಿಧಾನಗತಿಯ ಬೇಸ್ ಬೆರೆತದ್ದೇ ಇಲ್ಲಿಯ ಹೊಸತನ. ಮೊದಲ ಎರಡು ಇಪಿಗಳನ್ನು ಸೇರಿಸಿ 1989ರಲ್ಲಿ ‘ಥರ್ಟೀನ್ ಸಾಂಗ್ಸ್’ ಬಂತು. ಬಹಳ ಜನ ಇದನ್ನೇ ಮೊದಲು ಕೈಗಿಡುತ್ತಾರೆ. ನಿಮಗೆ ಅರಚಾಟ ಅನ್ನಿಸಿದ್ದು ಬಹುಶಃ ಇದೇ. 1990ರ ‘ರಿಪೀಟರ್’ ವೇಳೆಗೆ ಪಿಚೊಟ್ಟೊ ಕೂಡ ಗಿಟಾರ್ ಹಿಡಿದಿದ್ದರು. ಒಬ್ಬರು ತಾಳಕ್ಕೆ, ಇನ್ನೊಬ್ಬರು ರಾಗಕ್ಕೆ ಎಂಬ ಹಂಚಿಕೆ ಅಲ್ಲಿಲ್ಲ. ಒಂದು ಗಿಟಾರ್ ಕೆಣಕುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ, ಥೇಟ್ ಜುಗಲ್‌ಬಂದಿ. 1991ರ ‘ಸ್ಟೆಡಿ ಡಯಟ್ ಆಫ್ ನಥಿಂಗ್’ ನನಗೆ ಸ್ವಲ್ಪ ಒಣಗಿದಂತೆ ಕೇಳಿಸುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

1993ರ ‘ಇನ್ ಆನ್ ದ ಕಿಲ್ ಟೇಕರ್’ ಹಿಂದೆ ಒಂದು ಕಥೆಯಿದೆ. ಹಿಂದಿನ ವರ್ಷ ಷಿಕಾಗೋಗೆ ಹೋಗಿ ಧ್ವನಿಮುದ್ರಣ ತಜ್ಞ ಸ್ಟೀವ್ ಆಲ್ಬಿನಿ ಬಳಿ ಇಡೀ ಆಲ್ಬಂ ಧ್ವನಿಮುದ್ರಿಸಿಕೊಂಡು ಬಂದರು. ಊರಿಗೆ ಮರಳಿ ಕೇಳಿದರೆ ಅವರಿಗೆ ಸಮಾಧಾನವಾಗಲಿಲ್ಲ, ಆಲ್ಬಿನಿಗೂ ಹಾಗೆಯೇ ಅನ್ನಿಸಿತ್ತು. ಅಷ್ಟನ್ನೂ ಪಕ್ಕಕ್ಕಿಟ್ಟು, ತಮ್ಮ ಹಳೆಯ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಮತ್ತೆ ಮೊದಲಿನಿಂದ ನುಡಿಸಿದರು. ಹೀಗೆ ಮಾಡಲು ಸಾಧ್ಯವಾದದ್ದು ತಲೆಯ ಮೇಲೆ ಯಾವ ದೊಡ್ಡ ಕಂಪನಿಯೂ ಇಲ್ಲದ್ದರಿಂದ. ರೆಕಾರ್ಡ್ ಹೊರತರುವ ‘ಡಿಸ್ಕಾರ್ಡ್’ ಮೆಕೈ ತಮ್ಮ ಗೆಳೆಯನೊಂದಿಗೆ 1980ರಲ್ಲಿ ಕಟ್ಟಿದ ಸಂಸ್ಥೆ. ಕಾರ್ಯಕ್ರಮದ ಟಿಕೆಟ್ ಬಹುತೇಕ 5 ಡಾಲರ್, ಎಲ್ಲ ವಯಸ್ಸಿನವರಿಗೂ ಪ್ರವೇಶ, ಬ್ಯಾಂಡಿನ ಹೆಸರಿನ ಟಿ-ಷರ್ಟ್ ಮಾರಾಟವಿರಲಿಲ್ಲ. ಗುಂಪಿನಲ್ಲಿ ಯಾರಾದರೂ ಇತರರ ಮೇಲೆ ಬಿದ್ದು ಹೊಡೆದಾಡಿದರೆ ಹಾಡು ನಿಲ್ಲಿಸಿ, ಆ ಮನುಷ್ಯನ ಕೈಗೆ 5 ಡಾಲರಿನ ಲಕೋಟೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಕೇಳಲು ಬಂದ ಹುಡುಗಿಯರು, ಚಿಕ್ಕವರು ಮುಂದಿನ ಸಾಲಿನಲ್ಲಿ ನಿರ್ಭಯವಾಗಿ ನಿಲ್ಲಬೇಕು ಎಂಬ ಹಟ ಅದು. ನಾನು ಅವರನ್ನು ಗೌರವಿಸಲು ಇದಿಷ್ಟೇ ಸಾಕಿತ್ತು.

1995ರ ‘ರೆಡ್ ಮೆಡಿಸಿನ್’ ನನ್ನ ಜೀವದ ಆಲ್ಬಂ. ಮೊದಲ ಹಾಡು ಹಳೆಯ ಕ್ಯಾಸೆಟ್ಟಿನಲ್ಲಿ ಹಿಡಿದಂಥ ಒರಟು ಸದ್ದಿನಿಂದ ಆರಂಭವಾಗಿ, ಥಟ್ಟನೆ ಬಾಗಿಲು ತೆರೆದಂತೆ ಸ್ವಚ್ಛವಾಗುತ್ತದೆ. ಮುಂದೆ ಮಾತೇ ಇಲ್ಲದ ಒಂದು ತುಣುಕು ಬರುತ್ತದೆ. ಬೇಸ್ ತೆವಳುತ್ತಿರುತ್ತದೆ, ಅದರ ಮೇಲೆ ಪಿಚೊಟ್ಟೊ ಊದುವ ಕ್ಲಾರಿನೆಟ್. ಮಳೆ ಬಿಟ್ಟ ಮೇಲೆ ಸೂರಿನಿಂದ ಹನಿ ಬೀಳುವುದನ್ನು ಕೇಳುತ್ತ ಕುಳಿತ ಹಾಗಿರುತ್ತದೆ ನನಗೆ. 1998ರ ‘ಎಂಡ್ ಹಿಟ್ಸ್’ ಇದರ ತಮ್ಮನಂತೆ, ಇದು ಒಗ್ಗಿದರೆ ಅದೂ ಒಗ್ಗುತ್ತದೆ.

ನಿಮಗೆ ಮೊದಲು ಹೇಳಿದ ಕೊನೆಯ ಆಲ್ಬಂ 2001ರ ‘ದಿ ಆರ್ಗ್ಯುಮೆಂಟ್’. ಅಲ್ಲಿ ಚೆಲ್ಲೊ ಇದೆ, ಹೆಣ್ಣುದನಿಗಳಿವೆ, ಕೆಲವು ಕಡೆ ಎರಡನೆಯ ಡ್ರಮ್ಮರ್ ಇದ್ದಾರೆ. ಆದರೂ ಉಸಿರಾಡಲು ಇದರಲ್ಲಿ ಇರುವಷ್ಟು ಜಾಗ ಬೇರೆ ಯಾವುದರಲ್ಲೂ ಇಲ್ಲ. ಆರಂಭದಲ್ಲೇ ಬಾಡಿಗೆದಾರರನ್ನು ಒಕ್ಕಲೆಬ್ಬಿಸುವ ಕುರಿತ ಹಾಡಿದೆ. ಮೆಕೈ ಅದನ್ನು ಪಕ್ಕದಲ್ಲಿ ಕುಳಿತವರಿಗೆ ಹೇಳುವಷ್ಟು ಮೆಲುದನಿಯಲ್ಲಿ ಎತ್ತಿಕೊಳ್ಳುತ್ತಾರೆ. ಕೂಗು ಬರುವುದು ಆಮೇಲೆ. ಆ ಹೊತ್ತಿಗೆ ಅದು ಕೂಗಲೇಬೇಕಾದ ಮಾತು ಎಂದು ನಿಮಗೂ ಅನ್ನಿಸಿರುತ್ತದೆ.

ಆಲ್ಬಂಗಳು ಹಿಡಿಸಿದರೆ ಅವರ ಕಾರ್ಯಕ್ರಮಗಳ ಧ್ವನಿಮುದ್ರಣಗಳಿಗೆ ಹೋಗಿ. ನುಡಿಸಿದ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳಲ್ಲಿ ಎಂಟುನೂರಕ್ಕೂ ಹೆಚ್ಚು ಮುದ್ರಿತವಾಗಿವೆ. 2011ರಿಂದ ಡಿಸ್ಕಾರ್ಡ್ ಅವನ್ನು ಅಂತರ್ಜಾಲದಲ್ಲಿ ಒಂದೊಂದಾಗಿ ಬಿಡುಗಡೆ ಮಾಡತೊಡಗಿತು, ಸೂಚಿತ ಬೆಲೆ ಅದೇ 5 ಡಾಲರ್. ವೇದಿಕೆಯ ಮೇಲೆ ಅವರಿಗೆ ಹಾಡುಗಳ ಪಟ್ಟಿ ಇರುತ್ತಿರಲಿಲ್ಲ. ಒಬ್ಬರು ಮುಂದಿನ ಹಾಡಿನ ಎಳೆ ಹಿಡಿದರೆ ಉಳಿದ ಮೂವರು ಕಿವಿಗೊಟ್ಟು ಹಿಂಬಾಲಿಸುತ್ತಿದ್ದರು. ನಾನು ಒಂದೇ ಹಾಡನ್ನು ಬೇರೆ ಬೇರೆ ರಾತ್ರಿಗಳಲ್ಲಿ ಕೇಳುತ್ತೇನೆ, ಮೌನ ಎಷ್ಟು ಉದ್ದವಾಯಿತು ಎಂದು ನೋಡಲು.

2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನುಡಿಸಿದ ಮೇಲೆ ನಾಲ್ವರೂ ಬ್ಯಾಂಡಾಗಿ ಮತ್ತೆ ವೇದಿಕೆ ಹತ್ತಿಲ್ಲ. ಇಷ್ಟೆಲ್ಲ ಆದ ಮೇಲೂ ಹಾಡುವ ದನಿಯೇ ನಿಮಗೆ ತೊಡಕಾದರೆ, ಲ್ಯಾಲಿ ಮತ್ತು ಕ್ಯಾಂಟಿ ಒಬ್ಬ ಗಿಟಾರ್ ವಾದಕರೊಂದಿಗೆ ಕಟ್ಟಿದ ‘ದಿ ಮೆಸ್ಥೆಟಿಕ್ಸ್’ ಬ್ಯಾಂಡಿನ 2018ರ ಆಲ್ಬಂ ಕೇಳಿ. ಅದರಲ್ಲಿ ಗಾಯನವೇ ಇಲ್ಲ. ಅದೇ ಬೇಸ್, ಅದೇ ಡ್ರಮ್.