ಹನಿಮೂನ್ ಬುಕಿಂಗ್: ಧಾರೆಯ ಮರುದಿನವೇ ವಿಮಾನ ಬೇಡ

ಪ್ರಶ್ನೆ: ಫೆಬ್ರವರಿ ಎರಡನೇ ವಾರ ಮದುವೆ, ಇನ್ನೂ ಆರು ತಿಂಗಳಿದೆ. ಮಾಲ್ಡೀವ್ಸ್‌ನಲ್ಲಿ ನಾಲ್ಕು ರಾತ್ರಿ ಇರುವ ಆಸೆ. ಈಗಲೇ ಪೂರ್ತಿ ದುಡ್ಡು ಕಟ್ಟಿದರೆ ಅಗ್ಗ ಎನ್ನುತ್ತಾರೆ ಏಜೆಂಟ್. ಕಟ್ಟಬಹುದೇ?
– ಹಾಸನದ ಓದುಗರು

ಉತ್ತರ: ಬುಕ್ ಮಾಡಲು ಒಳ್ಳೆಯ ಸಮಯವೇ. ಆದರೆ ಪೂರ್ತಿ ದುಡ್ಡು ಕಟ್ಟಬೇಡಿ. ಮೊದಲು ಹೊರಡುವ ದಿನ ಗಟ್ಟಿಯಾಗಲಿ, ಅದನ್ನೂ ಎರಡೂ ಮನೆಯ ಹಿರಿಯರನ್ನು ಕೇಳಿಯೇ ಗೊತ್ತು ಮಾಡಿ. ಬೀಗರ ಔತಣ, ಸತ್ಯನಾರಾಯಣ ಪೂಜೆ, ಮನೆದೇವರ ದರ್ಶನ ಮುಗಿಯಲು ನಾಲ್ಕೈದು ದಿನ ಬೇಕೇ ಬೇಕು. ಧಾರೆಯಾದ ಏಳನೇ ದಿನದ ಸುಮಾರಿಗೆ ಟಿಕೆಟ್ ಇಟ್ಟುಕೊಳ್ಳಿ.

ರಿಸಾರ್ಟ್‌ಗೆ ಉಚಿತ ರದ್ದತಿ ಇರುವ ದರವನ್ನೇ ಆರಿಸಿ. ತುಸು ದುಬಾರಿಯಾದರೂ ಸರಿ: ಮುಹೂರ್ತ ಮುಂದಕ್ಕೆ ಹೋದರೆ, ಸೂತಕ ಬಂದರೆ ಕಾಪಾಡುವುದು ಅದೊಂದೇ. ರದ್ದು ಮಾಡಲು ಕೊನೆಯ ದಿನ ಯಾವುದೆಂದು ಫೋನಿನಲ್ಲಿ ಅಲಾರಾಂ ಇಡಿ.

ಏಜೆಂಟ್ ಕೊಟ್ಟ ದರದ ಪಕ್ಕ ಎರಡು ಪ್ಲಸ್ ಚಿಹ್ನೆ ಇದೆಯೇ ನೋಡಿ. ಇದ್ದರೆ 10% ಸೇವಾ ಶುಲ್ಕ, 17% ತೆರಿಗೆ ಇನ್ನೂ ಸೇರಿಲ್ಲ ಎಂದರ್ಥ. ರಿಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ ಬೇರೆ. ನಿಮ್ಮಿಬ್ಬರಿಗೆ ನಾಲ್ಕು ರಾತ್ರಿಗೆ 96 ಡಾಲರ್.

ಹೆಚ್ಚು ಜನ ಎಡವುವುದು ಸೀಪ್ಲೇನ್, ಅಂದರೆ ದೂರದ ರಿಸಾರ್ಟ್ ದ್ವೀಪಕ್ಕೆ ಕರೆದೊಯ್ಯುವ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದ ವಿಷಯದಲ್ಲಿ. ಅದು ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಾಲೆಯಲ್ಲಿ ಸಂಜೆ ಇಳಿದರೆ ಆ ರಾತ್ರಿ ನಿಲ್ದಾಣದ ಹತ್ತಿರದ ಹುಳುಮಾಲೆಯ ಹೋಟೆಲ್‌ನಲ್ಲೇ ಕಳೆಯಬೇಕು, ರಿಸಾರ್ಟ್‌ನಲ್ಲಿ ಕಟ್ಟಿದ ಮೊದಲ ರಾತ್ರಿ ದಂಡ. ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಸಿಗದಿದ್ದರೆ ಸ್ಪೀಡ್‌ಬೋಟ್ ಹೋಗುವ ಹತ್ತಿರದ ದ್ವೀಪ ಹಿಡಿಯಿರಿ. ದೋಣಿ, ಸೀಪ್ಲೇನ್ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ.

ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಪ್ರಯಾಣಿಕರ ಘೋಷಣೆ ‘ಇಮುಗಾ’ ಕೂಡ ಉಚಿತ. ದುಡ್ಡು ಕೇಳುವ ತಾಣಗಳನ್ನು ಮುಚ್ಚಿಬಿಡಿ.

ಹನಿಮೂನ್ ಕೇಕ್, ಹೂವಿನ ಹಾಸಿಗೆ, ಕೆಲವೊಮ್ಮೆ ರಿಯಾಯಿತಿ ಕೊಡಲು ಹಲವು ರಿಸಾರ್ಟ್‌ಗಳು ವಿವಾಹ ಪ್ರಮಾಣಪತ್ರ ಕೇಳುತ್ತವೆ. ವಾರದಲ್ಲೇ ಹೊರಡುವವರ ಕೈಗೆ ಅದು ಬಂದಿರುವುದಿಲ್ಲ. ಲಗ್ನಪತ್ರಿಕೆ ಸಾಕೇ ಎಂದು ಮುಂಚೆಯೇ ಇಮೇಲ್ ಮಾಡಿ. ಒಪ್ಪಿದರೆ ಇಂಗ್ಲಿಷಿನಲ್ಲೂ ನಾಲ್ಕು ಪ್ರತಿ ಅಚ್ಚು ಹಾಕಿಸಿ, ಕನ್ನಡದ್ದು ಅಲ್ಲಿ ಯಾರಿಗೂ ಓದಲು ಬಾರದು.

ವಿದೇಶಿ ಪ್ಯಾಕೇಜ್ ಮೇಲೆ ಏಜೆಂಟ್ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸುವವರ ಪ್ಯಾನ್ ಕೊಟ್ಟರೆ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು. ಅಪ್ಪ ದುಡ್ಡು ಕಟ್ಟಿ ಮಗನ ಪ್ಯಾನ್ ಕೊಡುವ ಗೊಂದಲ ಬೇಡ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದೆ. ಮದುವೆಯ ನಂತರ ಗಂಡನ ಹೆಸರು ಸೇರಿಸಿಯೇ ಹೋಗಬೇಕೇ? ದುಬೈ ಮನಸ್ಸಿನಲ್ಲಿದೆ.
– ಶಿವಮೊಗ್ಗದ ಓದುಗರು

ಉತ್ತರ: ಗಂಡನ ಹೆಸರಿಗಾಗಿ ಬೇಡ. ತವರಿನ ಹೆಸರಿನ ಪಾಸ್‌ಪೋರ್ಟ್ ಮದುವೆಯ ನಂತರವೂ ಊರ್ಜಿತ. ಟಿಕೆಟ್ ಅದರಂತೆಯೇ ಇರಬೇಕು, ಅಷ್ಟೆ. ಲಗ್ನಪತ್ರಿಕೆಯ ಹೆಸರಿಗೆ ಟಿಕೆಟ್ ಮಾಡಿಸಿದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಪ್ರಯಾಣದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಲಿ.

ನಿಮ್ಮ ನಿಜವಾದ ತೊಡಕು ಖಾಲಿ ಸರ್‌ನೇಮ್. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡವರಲ್ಲಿ ಇದು ಸಾಮಾನ್ಯ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ಬಿಗಿ ಮಾಡಿದೆ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುವುದುಂಟು. ಹೆಸರಿನ ಜಾಗದಲ್ಲಿ ಎರಡು ಪದ ಇದ್ದರೆ ಅಷ್ಟು ಕಷ್ಟವಿಲ್ಲ, ಆದರೆ ಟಿಕೆಟ್‌ನಲ್ಲಿ ಹೇಗೆ ಒಡೆದು ಬರೆಯಬೇಕೆಂದು ಏರ್‌ಲೈನನ್ನೇ ಕೇಳಿ. ಸರಿಪಡಿಸಲೇಬೇಕಾದರೆ ಈಗಲೇ ಮರುವಿತರಣೆಗೆ ಹಾಕಿ: 36 ಪುಟಕ್ಕೆ ₹1,500, ತತ್ಕಾಲ್ ಆದರೆ ಮೇಲೆ ₹2,000. ಸಂಖ್ಯೆ ಬದಲಾಗುವುದರಿಂದ ವೀಸಾ, ಟಿಕೆಟ್ ಆಮೇಲೆ.

ಪ್ರಶ್ನೆ: ಮೇ ಕೊನೆಗೆ ಮದುವೆ. ಆಷಾಢಕ್ಕೆ ಮುಂಚೆ ಅಂಡಮಾನ್ ಮುಗಿಸಬಹುದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ಮುಂಗಾರು ಕೇರಳಕ್ಕಿಂತ ಮುಂಚೆ ಅಲ್ಲಿಗೇ ಇಳಿಯುತ್ತದೆ. ಸಮುದ್ರ ಕೆರಳಿದರೆ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ, ದೋಣಿ ರದ್ದಾಗುತ್ತದೆ, ಸ್ಕೂಬಾ ನಿಲ್ಲುತ್ತದೆ. ಅಂಡಮಾನ್ ಬೇಕೇ ಬೇಕೆಂದರೆ ದೀಪಾವಳಿ ಕಳೆದ ಮೇಲೆ ಹೋಗಿ. ಜೂನ್‌ನಲ್ಲೇ ಆಗಬೇಕೆಂದರೆ ಬಾಲಿ ನೋಡಿ: ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣ ಹವೆ. ಇಳಿದ ಮೇಲಿನ ವೀಸಾಕ್ಕೆ ತಲೆಗೆ 5 ಲಕ್ಷ ರೂಪಾಯಾ, ಪ್ರವಾಸಿ ಶುಲ್ಕ 1.5 ಲಕ್ಷ. ಅಂಕಿ ಕಂಡು ಗಾಬರಿಯಾಗಬೇಡಿ, ಅದು ಇಂಡೋನೇಷ್ಯಾದ ಹಣ.