ಹೀಲರ್ ಆಗಬೇಕು, ಯಾವ ಕ್ಲಾಸ್ ತೆಗೆದುಕೊಳ್ಳಲಿ?

ಪ್ರಶ್ನೆ: ಎರಡು ವರ್ಷದಿಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟ ಆಡುತ್ತಿದ್ದೇನೆ, ಇಲ್ಲಿಯವರೆಗೂ ಶತ್ರುವಿಗೆ ಹೊಡೆಯುವ ಡ್ಯಾಮೇಜ್ ಕ್ಲಾಸೇ. ನಮ್ಮ ಐದು ಜನರ ಗುಂಪಿನ ಹೀಲರ್, ಅಂದರೆ ಜೊತೆಗಾರರ ಹೆಲ್ತ್ ತುಂಬಿಸಿ ಕಾಪಾಡುವವರು, ಆಟ ಬಿಟ್ಟರು. ಈಗ ಆ ಜಾಗಕ್ಕೆ ನೀನೇ ಬಾ ಅಂತಿದ್ದಾರೆ. ನನಗೂ ಆಸೆ ಇದೆ. ಆದರೆ ಪ್ರೀಸ್ಟ್, ಡ್ರೂಯಿಡ್, ಪ್ಯಾಲಡಿನ್ ಅಂತ ನೋಡುತ್ತಾ ಹೋದರೆ ತಲೆ ಕೆಡುತ್ತದೆ. ಯಾವುದು ಮೇಲು, ಯಾವುದು ಕೆಳಗೆ ಅಂತ ಸಾಲು ಹಚ್ಚುವ ಟಿಯರ್ ಲಿಸ್ಟ್‌ಗಳು ಒಂದೊಂದೂ ಒಂದೊಂದು ಥರ ಹೇಳುತ್ತವೆ. ಯಾವುದು ಅಂತ ನೇರವಾಗಿ ಹೇಳಿಬಿಡಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಿಮಗೆ ರೆಸ್ಟೊರೇಶನ್ ಡ್ರೂಯಿಡ್, ಅಂದರೆ ಡ್ರೂಯಿಡ್‌ನ ಹೀಲರ್ ದಾರಿ. ಕಾರಣ ಓದಿದ ಮೇಲೆ ನೀವು ಬೇರೆಯದನ್ನು ಆರಿಸಿಕೊಂಡರೂ ನನಗೆ ಬೇಜಾರಿಲ್ಲ, ಆದರೆ ಟಿಯರ್ ಲಿಸ್ಟ್ ನೋಡಿ ಮಾತ್ರ ಆರಿಸಬೇಡಿ. ಆ ಪಟ್ಟಿಗಳು ಹೆಚ್ಚಾಗಿ ತೀರಾ ಕಷ್ಟದ ರೇಡ್ (ದೊಡ್ಡ ಗುಂಪಿನ ಕಾಳಗ), ತೀರಾ ಮೇಲಿನ ಮಿಥಿಕ್ ಪ್ಲಸ್ (ಮೆಟ್ಟಿಲು ಮೆಟ್ಟಿಲಾಗಿ ಕಷ್ಟ ಏರುವ ಡಂಜನ್, ಅಂದರೆ ಸಣ್ಣ ಗುಂಪಿನ ಕಾಳಗ) ಆಡುವವರ ಲೆಕ್ಕ. ಆಟದ ಮುಂದಿನ ಪ್ಯಾಚ್ (ಅಪ್‌ಡೇಟ್) ಬಂದರೆ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಗೆಳೆಯರ ಜೊತೆ ಡಂಜನ್ ಮಾಡುವವರಿಗೆ ಏಳರಲ್ಲಿ ಯಾವ ಹೀಲರ್ ಆದರೂ ಸಾಕು.

ಹೌದು, ಏಳು. ಪ್ರೀಸ್ಟ್‌ಗೆ ಹೋಲಿ ಮತ್ತು ಡಿಸಿಪ್ಲಿನ್ ಅಂತ ಎರಡು ದಾರಿ. ಉಳಿದಂತೆ ಡ್ರೂಯಿಡ್, ಶಾಮನ್, ಪ್ಯಾಲಡಿನ್, 2012ರಲ್ಲಿ ಬಂದ ಮಾಂಕ್, 2022ರಲ್ಲಿ ಬಂದ ಇವೋಕರ್. ಇವುಗಳ ನಡುವಿನ ದೊಡ್ಡ ವ್ಯತ್ಯಾಸ ಹೊತ್ತಿನದ್ದು. ಕೆಲವರು ಏಟು ಬೀಳುವ ಮೊದಲೇ ಕೆಲಸ ಶುರು ಮಾಡುತ್ತಾರೆ, ಕೆಲವರು ಬಿದ್ದ ಮೇಲೆ ಎತ್ತಿ ನಿಲ್ಲಿಸುತ್ತಾರೆ. ನಿಮ್ಮ ಸ್ವಭಾವ ಯಾವ ಕಡೆಗೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಕ್ಲಾಸ್ ಆಮೇಲೆ ತಾನಾಗಿ ಸಿಗುತ್ತದೆ.

ಡ್ರೂಯಿಡ್ ಮೊದಲ ಗುಂಪು. ರಿಜುವನೇಶನ್, ಲೈಫ್‌ಬ್ಲೂಮ್ ಇವೆಲ್ಲ ಒಮ್ಮೆ ಹಾಕಿದರೆ ಸ್ವಲ್ಪ ಹೊತ್ತು ತಾವಾಗಿ ಹೆಲ್ತ್ ತುಂಬುತ್ತಲೇ ಇರುತ್ತವೆ. ಬಾಸ್ (ಡಂಜನ್‌ನ ದೊಡ್ಡ ಶತ್ರು) ಇನ್ನೇನು ಎಲ್ಲರಿಗೂ ಹೊಡೆಯುತ್ತದೆ ಅಂತ ಗೊತ್ತಿದ್ದರೆ ಮುಂಚೆಯೇ ಹರಡಿಟ್ಟುಕೊಳ್ಳಬಹುದು, ಒಬ್ಬರ ಮೇಲೆ ಇಂಥವು ಜಾಸ್ತಿ ಇದ್ದಷ್ಟೂ ಅವರಿಗೆ ನಿಮ್ಮ ಹೀಲ್ ಗಟ್ಟಿಯಾಗುತ್ತದೆ, ಮತ್ತು ಇವು ತಕ್ಷಣ ಬೀಳುವ ಸ್ಪೆಲ್‌ಗಳಾದ್ದರಿಂದ ಓಡುತ್ತಲೇ ಹಾಕಬಹುದು. ಎರಡು ವರ್ಷ ಡ್ಯಾಮೇಜ್ ಆಡಿದ ನಿಮಗೆ ಯಾವ ಬಾಸ್ ಯಾವಾಗ ಏನು ಮಾಡುತ್ತದೆ ಅನ್ನೋದು ಆಗಲೇ ಬಾಯಿಪಾಠ. ಹೊಸ ಹೀಲರ್‌ಗಳಿಗೆ ಇಲ್ಲದ ಬಂಡವಾಳ ಅದು. ಜೊತೆಗೆ ಡ್ರೂಯಿಡ್ ಹತ್ತಿರ ರಿಬರ್ತ್ ಇದೆ, ಯುದ್ಧದ ಮಧ್ಯೆಯೇ ಸತ್ತವರನ್ನು ಎಬ್ಬಿಸಬಹುದು. ಈ ಶಕ್ತಿ ಎಲ್ಲ ಹೀಲರ್‌ಗಳಿಗೂ ಇಲ್ಲ.

ಡಿಸಿಪ್ಲಿನ್ ಪ್ರೀಸ್ಟ್ ಕೂಡ ಮೊದಲೇ ಸಿದ್ಧವಾಗುವ ಕ್ಲಾಸೇ, ಆದರೆ ಅದು ಇನ್ನೂ ಒಂದು ಹೆಜ್ಜೆ ಮುಂದೆ. ಜೊತೆಗಾರರ ಮೇಲೆ ಅಟೋನ್‌ಮೆಂಟ್ ಹಾಕಿಟ್ಟು, ಆಮೇಲೆ ಶತ್ರುವಿಗೆ ಹೊಡೆಯಬೇಕು, ಆ ಹೊಡೆತದ ಒಂದು ಪಾಲು ಅವರಿಗೆಲ್ಲ ಹೀಲ್ ಆಗಿ ಹೋಗುತ್ತದೆ. ಕೈ ಹಿಡಿದರೆ ಇಷ್ಟು ಖುಷಿ ಕೊಡುವ ಹೀಲರ್ ಇನ್ನೊಂದಿಲ್ಲ. ಆದರೆ ಹೊತ್ತು ತಪ್ಪಿದರೆ ಹೀಲ್ ಸಿಗಬೇಕಾದವರಿಗೆ ಸಿಗುವುದಿಲ್ಲ. ಮೊದಲ ಹೀಲರ್ ಆಗಿ ಇದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬಿದ್ದ ಮೇಲೆ ಎತ್ತುವುದೇ ನಿಮ್ಮ ಸ್ವಭಾವ ಅಂದರೆ ಹೋಲಿ ಪ್ರೀಸ್ಟ್. ಒಬ್ಬರ ಹೆಲ್ತ್ ಬಾರ್ ಇಳಿಯಿತು, ಫ್ಲ್ಯಾಶ್ ಹೀಲ್ ಒತ್ತಿದಿರಿ, ಏರಿತು. ತುಂಬಾ ಕೆಳಗೆ ಹೋದರೆ ಹೋಲಿ ವರ್ಡ್ ಸೆರೆನಿಟಿ. ಹೀಲಿಂಗ್ ಅಂದರೆ ನಾವು ಮನಸ್ಸಿನಲ್ಲಿ ಅಂದುಕೊಳ್ಳೋದು ಇದನ್ನೇ ಅಲ್ವಾ? ಹಾಗಾಗಿ ಕಲಿಯೋದಕ್ಕೆ ಇದು ಬಹಳ ಒಳ್ಳೆಯದು. ಹೋಲಿ ಪ್ಯಾಲಡಿನ್ ಕೂಡ ಇದೇ ಕಡೆಯವರು. ಅವರು ಬಾಸ್ ಹತ್ತಿರವೇ ನಿಂತು ಹೊಡೆಯುತ್ತಾ ಗುಣ ಮಾಡುತ್ತಾರೆ, ಬೀಕನ್ ಆಫ್ ಲೈಟ್ ಒಬ್ಬರ ಮೇಲಿಟ್ಟರೆ ಬೇರೆಯವರಿಗೆ ಮಾಡಿದ ಹೀಲ್‌ನ ಒಂದು ಪಾಲು ಅವರಿಗೂ ಹೋಗುತ್ತದೆ. ಶಾಮನ್‌ನ ಚೈನ್ ಹೀಲ್ ಒಬ್ಬರಿಂದ ಒಬ್ಬರಿಗೆ ಹಾರುತ್ತದೆ, ಎಲ್ಲರೂ ಒಂದೇ ಕಡೆ ನಿಲ್ಲುವ ಗುಂಪಾದರೆ ಬಹಳ ಲಾಭ, ದಿಕ್ಕಾಪಾಲು ಓಡುವ ಗುಂಪಾದರೆ ಕಷ್ಟ. ಮಾಂಕ್ ಮತ್ತು ಇವೋಕರ್ ಇಬ್ಬರೂ ಚುರುಕು, ಆದರೆ ಅವರಿಗೆ ನಿಂತ ಜಾಗ ಬಹಳ ಮುಖ್ಯ. ಎರಡನೇ ಹೀಲರ್ ಆಗಿ ನೋಡಿ.

ಹೊತ್ತಿನ ಲೆಕ್ಕ ಹೊಸದಲ್ಲ. 1999ರ ಎವರ್‌ಕ್ವೆಸ್ಟ್ ಅನ್ನೋ ಆಟದಲ್ಲಿ ಹೀಲರ್‌ಗಳಾದ ಕ್ಲೆರಿಕ್‌ಗಳಿಗೆ ಕಂಪ್ಲೀಟ್ ಹೀಲ್ ಅಂತ ಒಂದು ಸ್ಪೆಲ್ ಇತ್ತು, ಹಾಕೋದಕ್ಕೇ 10 ಸೆಕೆಂಡ್ ಬೇಕು. ಏಟು ನೋಡಿ ಶುರು ಮಾಡಿದರೆ ಟ್ಯಾಂಕ್ (ಮುಂದೆ ನಿಂತು ಶತ್ರುವಿನ ಏಟು ತಿನ್ನುವವರು) ಅಷ್ಟರಲ್ಲಿ ಸತ್ತಿರುತ್ತಿದ್ದರು. ಅದಕ್ಕೇ ಹಲವು ಕ್ಲೆರಿಕ್‌ಗಳು ಸರದಿ ಹಾಕಿಕೊಂಡು, ಒಬ್ಬರ ಹೀಲ್ ಮುಗಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬರದ್ದು ಬೀಳುವ ಹಾಗೆ ಹೊಂದಿಸಿಕೊಳ್ಳುತ್ತಿದ್ದರು. ಎಷ್ಟು ಚೆಂದದ ಹೊಂದಾಣಿಕೆ ನೋಡಿ.

ಇನ್ನೊಂದು ಮಾತು. ಯಾವ ಕ್ಲಾಸ್ ಆದರೂ ಮೊದಲು ಪಾರ್ಟಿಯ ಹೆಲ್ತ್ ಬಾರ್‌ಗಳನ್ನು ಸ್ಕ್ರೀನ್ ಮೂಲೆಯಿಂದ ತಂದು ನಿಮ್ಮ ಪಾತ್ರದ ಹತ್ತಿರ ಇಟ್ಟುಕೊಳ್ಳಿ. ಬಾರ್ ಮೇಲೆ ಕ್ಲಿಕ್ ಮಾಡಿದರೇ ಸ್ಪೆಲ್ ಬೀಳುವ ಕ್ಲಿಕ್ ಕಾಸ್ಟಿಂಗ್ ಆಟದ ಒಳಗೇ ಇದೆ, ಆನ್ ಮಾಡಿಕೊಳ್ಳಿ. ಆಗ ಮೊದಲು ಆಯ್ಕೆ ಮಾಡಿ, ಆಮೇಲೆ ಸ್ಪೆಲ್ ಒತ್ತುವ ಎರಡು ಕೆಲಸ ಒಂದಾಗುತ್ತದೆ. ಮೂಲೆಯಲ್ಲಿ ಬಾರ್ ನೋಡುತ್ತಾ ಕಾಲ ಕೆಳಗಿನ ಬೆಂಕಿ ನೋಡದೆ ಸಾಯುವ ಹೀಲರ್‌ಗಳೇ ಜಾಸ್ತಿ.

ಪ್ರಶ್ನೆ: ಫೈನಲ್ ಫ್ಯಾಂಟಸಿ 14 ಈಗ ತಾನೇ ಶುರು ಮಾಡಿದ್ದೇನೆ, ಉಚಿತ ಟ್ರಯಲ್‌ನಲ್ಲಿ. ನನ್ನ ಕೈ ಅಷ್ಟು ಚುರುಕಲ್ಲ. ನಾಲ್ಕು ಹೀಲರ್‌ಗಳಲ್ಲಿ ಯಾವುದು ಸುಲಭ? ತಪ್ಪು ಆರಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾ?

ಉತ್ತರ: ಬೇಡವೇ ಬೇಡ. ಈ ಆಟದಲ್ಲಿ ಒಂದೇ ಪಾತ್ರ ಎಲ್ಲ ಜಾಬ್‌ಗಳನ್ನೂ (ಅಂದರೆ ಇಲ್ಲಿನ ಕ್ಲಾಸ್‌ಗಳನ್ನೂ) ಕಲಿಯಬಹುದು, ಆಯುಧ ಬದಲಿಸಿದರೆ ಜಾಬ್ ಬದಲಾಯಿತು. ಹಾಗಾಗಿ ಭಯ ಬಿಡಿ.

ಕೈ ಚುರುಕಿಲ್ಲ ಅನ್ನೋದಕ್ಕೂ ಇದು ಒಳ್ಳೆಯ ಆಟ. ಸಾಮಾನ್ಯವಾಗಿ ಒಂದು ಸ್ಪೆಲ್‌ನಿಂದ ಮುಂದಿನ ಸ್ಪೆಲ್‌ಗೆ 2.5 ಸೆಕೆಂಡ್ ಅಂತರ ಇರುತ್ತದೆ. ವಾರ್‌ಕ್ರಾಫ್ಟ್‌ನಲ್ಲಿ ಅದು 1.5, ಹೇಸ್ಟ್ (ಪಾತ್ರದ ವೇಗದ ಅಂಕ) ಏರಿದರೆ ಇನ್ನೂ ಕಮ್ಮಿ. ಯೋಚನೆ ಮಾಡಲು ಇಲ್ಲಿ ಪುರುಸೊತ್ತು ಸಿಗುತ್ತದೆ.

ವೈಟ್ ಮೇಜ್‌ನಿಂದ ಶುರು ಮಾಡಿ. ಕಾಂಜರರ್ ಆಗಿ ಆರಂಭಿಸಿದರೆ ಲೆವೆಲ್ 30ರಲ್ಲಿ ಸಿಗುತ್ತದೆ. ಗುಣ ಮಾಡಬೇಕು ಅಂದರೆ ಗುಣ ಮಾಡುವ ಸ್ಪೆಲ್, ಅಷ್ಟೇ, ಸುತ್ತು ಬಳಸು ಇಲ್ಲ. ಕೈ ಮೀರಿದಾಗ ಬೆನೆಡಿಕ್ಷನ್ ಇದೆ, ಒಬ್ಬರ ಹೆಲ್ತ್ ಪೂರ್ತಿ ತುಂಬಿಬಿಡುತ್ತದೆ. ಸ್ಕಾಲರ್ ಇದಕ್ಕೆ ತದ್ವಿರುದ್ಧ. ಏಟು ಬೀಳುವ ಮೊದಲು ಶೀಲ್ಡ್ ಹಾಕುವುದು, ಏಟನ್ನು ತಗ್ಗಿಸುವುದು ಅದರ ಕೆಲಸ, ಜೊತೆಗೊಂದು ಫೇರಿ ಇದ್ದು ಅದರ ಪಾಡಿಗೆ ಅದು ಸಣ್ಣಪುಟ್ಟ ಹೀಲ್ ಮಾಡುತ್ತಿರುತ್ತದೆ. ಸ್ಕಾಲರ್ ಶುರುವಾಗುವುದು ಆರ್ಕನಿಸ್ಟ್‌ನಿಂದ, ಅದನ್ನು ಬೆಳೆಸಿದರೆ ಸಮ್ಮನರ್ (ಡ್ಯಾಮೇಜ್ ಜಾಬ್) ಮತ್ತು ಸ್ಕಾಲರ್ ಎರಡರ ಲೆವೆಲ್ಲೂ ಒಟ್ಟಿಗೆ ಏರುತ್ತದೆ, ಸುಮ್ನೆ ಬಿಡಬೇಡಿ. ಆಸ್ಟ್ರೋಲೋಜಿಯನ್ ಕಾರ್ಡ್ ಹಂಚಿ ಜೊತೆಗಾರರ ಬಲ ಹೆಚ್ಚಿಸುವ ಜಾಬ್, ಒತ್ತುವ ಬಟನ್ ಜಾಸ್ತಿ, ನಿಮಗೆ ಈಗ ಬೇಡ. ಸೇಜ್ 2021ರ ಎಂಡ್‌ವಾಕರ್ ವಿಸ್ತರಣೆಯಲ್ಲಿ ಬಂದದ್ದು, ನೇರವಾಗಿ ಲೆವೆಲ್ 70ರಿಂದ ಶುರುವಾಗುತ್ತದೆ, ಟ್ರಯಲ್‌ನಲ್ಲಿ ಸಿಗುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿ ಎಲ್ಲರ ಹೆಲ್ತ್ ತುಂಬಿದ್ದಾಗ ಹೀಲರ್ ಕೈಕಟ್ಟಿ ನಿಲ್ಲುವಂತಿಲ್ಲ. ಶತ್ರುವಿಗೆ ಹೊಡೆಯುತ್ತಿರಬೇಕು. ತುಂಬಿದ ಬಾರ್‌ಗೆ ಮತ್ತೆ ಹೀಲ್ ಸುರಿದರೆ ಮನಾ (ಸ್ಪೆಲ್ ಹಾಕಲು ಬೇಕಾದ ಶಕ್ತಿ) ಹಾಳು, ಯುದ್ಧವೂ ಉದ್ದವಾಗುತ್ತದೆ.

ಪ್ರಶ್ನೆ: ಹೀಲರ್ ಆಗಲು ಇಷ್ಟ. ಆದರೆ ಯಾರಾದರೂ ಸತ್ತರೆ ಚಾಟ್‌ನಲ್ಲಿ ಬೈಯುತ್ತಾರೆ ಅಂತ ಭಯ. ಒಂದು ಸಲ ಹಾಗಾದ ಮೇಲೆ ಮತ್ತೆ ಆ ಕಡೆ ಹೋಗಿಲ್ಲ.

ಉತ್ತರ: ನಿಮಗೆ ಬೈದವರು ತಪ್ಪು ಮಾಡಿದ್ದಾರೆ. ಅದರಿಂದ ಒಬ್ಬ ಹೀಲರ್ ಕಮ್ಮಿಯಾದರು, ನಷ್ಟ ಎಲ್ಲರಿಗೂ.

ಎಲ್ಲ ಸಾವೂ ಹೀಲರ್ ಲೆಕ್ಕಕ್ಕೆ ಬರುವುದಿಲ್ಲ. ಬೆಂಕಿಯಲ್ಲಿ ನಿಂತವರು, ಟ್ಯಾಂಕ್‌ಗಿಂತ ಮುಂಚೆ ನುಗ್ಗಿದವರು, ಒಂದೇ ಏಟಿಗೆ ಪೂರ್ತಿ ಹೆಲ್ತ್ ಹೋದವರು, ಇವರನ್ನು ಯಾರಿಂದಲೂ ಉಳಿಸಲಾಗದು. ನೀವು ನೋಡಬೇಕಾದದ್ದು ನಿಧಾನವಾಗಿ ಇಳಿದು ಸತ್ತವರನ್ನು ಮಾತ್ರ. ಇಬ್ಬರಲ್ಲಿ ಒಬ್ಬರನ್ನೇ ಉಳಿಸಲು ಸಾಧ್ಯ ಅನ್ನುವಾಗ ಮೊದಲು ನೀವು ಬದುಕಿ, ಆಮೇಲೆ ಟ್ಯಾಂಕ್, ಆಮೇಲೆ ಉಳಿದವರು. ಇದು ಸ್ವಾರ್ಥ ಅಲ್ಲ. ನೀವಿಲ್ಲದಿದ್ದರೆ ಉಳಿದವರೆಲ್ಲರೂ ಸ್ವಲ್ಪ ಹೊತ್ತಿನಲ್ಲೇ ಬೀಳುತ್ತಾರೆ.

ಅಭ್ಯಾಸಕ್ಕೆ ಜನರ ಜೊತೆಯೇ ಹೋಗಬೇಕು ಅಂತಿಲ್ಲ. ವಾರ್‌ಕ್ರಾಫ್ಟ್‌ನಲ್ಲಿ 2024ರಿಂದ ಫಾಲೋವರ್ ಡಂಜನ್ ಇದೆ, ಫೈನಲ್ ಫ್ಯಾಂಟಸಿ 14ರಲ್ಲಿ ಡ್ಯೂಟಿ ಸಪೋರ್ಟ್ ಇದೆ. ಎರಡರಲ್ಲೂ ಜೊತೆಗಾರರನ್ನು ಕಂಪ್ಯೂಟರೇ ಆಡಿಸುತ್ತದೆ, ಯಾರೂ ಬೈಯುವುದಿಲ್ಲ. ಅಲ್ಲಿ ಕೈ ಕುದುರಿದ ಮೇಲೆ ಪರಿಚಯದ ಗಿಲ್ಡ್ (ಆಟಗಾರರ ಸಂಘ) ಜೊತೆ ಹೋಗಿ, ಹೊಸಬರು ಅಂತ ಮೊದಲೇ ಹೇಳಿಬಿಡಿ. ಕ್ಲಾಸ್ ಆರಿಸುವಾಗ ನಿಮಗೆ ಹೋಲಿ ಪ್ರೀಸ್ಟ್ ಅಥವಾ ವೈಟ್ ಮೇಜ್ ಸರಿ, ಗಾಬರಿಯಾದಾಗ ಒತ್ತಲು ಒಂದು ದೊಡ್ಡ ಬಟನ್ ಇದೆ ಅನ್ನೋ ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ.

ಪ್ರಶ್ನೆ: ಗಿಲ್ಡ್ ವಾರ್ಸ್ 2 ಮತ್ತು ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಎರಡರಲ್ಲೂ ಹೀಲರ್ ಅಂತ ಹೆಸರಿರುವ ಕ್ಲಾಸೇ ಕಾಣುತ್ತಿಲ್ಲವಲ್ಲ?

ಉತ್ತರ: ಗಿಲ್ಡ್ ವಾರ್ಸ್ 2 ಶುರುವಾದದ್ದು 2012ರಲ್ಲಿ, ಹೀಲರ್ ಬೇಡ, ಎಲ್ಲರೂ ತಮ್ಮನ್ನು ತಾವೇ ನೋಡಿಕೊಳ್ಳಲಿ ಅನ್ನುವ ಯೋಚನೆಯಲ್ಲಿ. 2015ರ ಹಾರ್ಟ್ ಆಫ್ ಥಾರ್ನ್ಸ್ ವಿಸ್ತರಣೆಯಲ್ಲಿ ರೇಂಜರ್ ಕ್ಲಾಸ್‌ಗೆ ಡ್ರೂಯಿಡ್ ಅನ್ನೋ ದಾರಿ ಬಂತು, ಅದು ಹೀಲರ್ ಕೆಲಸ ಮಾಡುತ್ತದೆ. ಈಗ ಬೇರೆ ಕ್ಲಾಸ್‌ಗಳೂ ಮಾಡುತ್ತವೆ. ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಯಾವ ಕ್ಲಾಸ್ ಆದರೂ ಸರಿ, ರೆಸ್ಟೊರೇಶನ್ ಸ್ಟಾಫ್ ಹಿಡಿದರೆ ಹೀಲ್ ಮಾಡಬಹುದು. ಮೊದಲ ಸಲ ಅಂದರೆ ಟೆಂಪ್ಲರ್ ತೆಗೆದುಕೊಳ್ಳಿ, ಕ್ಲಾಸ್‌ನ ಸ್ವಂತ ಹೀಲ್‌ಗಳೂ ಚೆನ್ನಾಗಿವೆ. ನಾಲ್ಕು ಜನರ ಡಂಜನ್‌ಗಳಲ್ಲಿ ಪಳಗಿದ ಮೇಲೆ ಹನ್ನೆರಡು ಜನರ ಟ್ರಯಲ್ ಅನ್ನೋ ದೊಡ್ಡ ಕಾಳಗಗಳಿಗೆ ಹೋಗಿ.