ಹಳೇ ಲ್ಯಾಪ್‌ಟಾಪ್‌ಗೆ ಯಾವ ಹಗುರ ಓಎಸ್? ಓಎಸ್ ಆಮೇಲೆ, ಮೊದಲು ಹಾರ್ಡ್ ಡಿಸ್ಕ್ ನೋಡಿ

ಅಪ್ಪನ 2012ರ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್. ಲುಬುಂಟು ಅನ್ನೋ ಲಿನಕ್ಸ್ ಓಎಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿದರೆ ಎರಡು ವಾರ ಚೆನ್ನಾಗಿದ್ದು ಮತ್ತೆ ತೆವಳುತ್ತೆ. ಪಪ್ಪಿ ಲಿನಕ್ಸನ್ನು ಪೆನ್‌ಡ್ರೈವ್‌ನಿಂದ ಓಡಿಸಿದರೆ ಮಾತ್ರ ಹಾರುತ್ತೆ. ಹಾಗಾದರೆ ಪಪ್ಪಿಯನ್ನೇ ಹಾಕಲಾ, ಇಲ್ಲ ಆಂಟಿಎಕ್ಸ್ ಅನ್ನೋ ಇನ್ನೊಂದು ಹಗುರ ಲಿನಕ್ಸ್ ಹಾಕಲಾ ಅಂತ ಕೇಳಿದ್ದೀರಿ. ಆ ಪೆನ್‌ಡ್ರೈವ್ ಮಾತು ಓದಿದ ಕೂಡಲೇ ನನಗೆ ಎದೆ ಧಸಕ್ ಅಂತು. ನಾನೂ ಒಂದು ಕಾಲಕ್ಕೆ ಇದನ್ನೇ ನೋಡಿ ಇದೇ ತೀರ್ಮಾನಕ್ಕೆ ಬಂದಿದ್ದೆ.

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್. ಲಗ್ನಪತ್ರಿಕೆ, ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡೋದು, ಕನ್ನಡ ಟೈಪಿಂಗ್ ಎಲ್ಲ ಅಲ್ಲೇ. ಮನೆಯಲ್ಲಿ ರಾತ್ರಿ ಟೈಪ್ ಮಾಡೋಕೆ 2010ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಇತ್ತು. ಮೊದಲ ತಲೆಮಾರಿನ ಐ3 ಪ್ರೊಸೆಸರ್, 3 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರೋದು ನಿಂತು ಅದರ ಕಾಲ ಮುಗಿಯಿತು. ಮಾರ್ಚ್‌ನಲ್ಲಿ ಲಾಕ್‌ಡೌನ್, ಅಂಗಡಿಯ ಶಟರ್ ಇಳಿಯಿತು. ಕೈಯಲ್ಲಿ ಬೇಕಾದಷ್ಟು ಹೊತ್ತು, ಎದುರಿಗೆ ತೆವಳುವ ಲ್ಯಾಪ್‌ಟಾಪ್. ಕೇಳಬೇಕಾ?

ಮೊದಲು ಲುಬುಂಟು 20.04 ಹಾಕಿದೆ. ಸಿ ಡ್ರೈವ್ ಅಳಿಸಿ ಅಲ್ಲಿಗೆ ಲಿನಕ್ಸ್. ನನ್ನ ಕೆಲಸದ ಫೈಲ್‌ಗಳಿದ್ದ ಡಿ ಡ್ರೈವ್ ಮುಟ್ಟಲಿಲ್ಲ. ಆಹಾ, ಏನು ವೇಗ! ಹನ್ನೆರಡು ದಿನ ಊರಿಗೆಲ್ಲ ಲಿನಕ್ಸ್ ಹೊಗಳಿದೆ. ಹದಿಮೂರನೇ ದಿನದಿಂದ ಮತ್ತೆ ಅದೇ ರಾಗ. ಮೌಸ್ ಅಲ್ಲಾಡುತ್ತೆ, ಕ್ಲಿಕ್ ಮಾಡಿದರೆ ಅರ್ಧ ನಿಮಿಷ ಏನೂ ಇಲ್ಲ, ಆಮೇಲೆ ಒಮ್ಮೆಲೇ ನಾಲ್ಕು ಕಿಟಕಿ ತೆರೆದುಕೊಳ್ಳುತ್ತವೆ. ಸರಿ, ಲುಬುಂಟು ಭಾರ ಆಯ್ತು ಅಂದುಕೊಂಡೆ. ಕ್ಸುಬುಂಟು ಹಾಕಿದೆ. ಮಿಂಟ್ ಹಾಕಿದೆ. ಬೋಧಿ ಹಾಕಿದೆ. ಆಂಟಿಎಕ್ಸ್ ಹಾಕಿದೆ. ಪ್ರತಿಯೊಂದೂ ಹತ್ತು ದಿನದ ಮದುವೆ ಮನೆ, ಆಮೇಲೆ ಸೂತಕ. ಒಂದೂವರೆ ವರ್ಷದಲ್ಲಿ ಹನ್ನೊಂದು ಸಲ ಹಾಕಿ ತೆಗೆದೆ. ನೋಟ್‌ಬುಕ್ಕಿನಲ್ಲಿ ಪಟ್ಟಿ ಬೇರೆ ಬರೆದಿಟ್ಟಿದ್ದೆ: ಯಾವ ಓಎಸ್, ಸುಮ್ಮನೆ ಕೂತಾಗ ಎಷ್ಟು ರ‍್ಯಾಮ್ ತಿನ್ನುತ್ತೆ ಅಂತ. ಆಂಟಿಎಕ್ಸ್ 200 ಎಂಬಿ ಒಳಗೆ ಕೂತಾಗ ಆದ ಖುಷಿ ಹೇಳತೀರದು.

ಆಮೇಲೆ ಪಪ್ಪಿ ಬಂತು. ಪೆನ್‌ಡ್ರೈವ್‌ನಿಂದ ಓಡಿಸಿದೆ. ನಿಮ್ಮ ಹಾಗೇ, ಹಾರಿತು. ಇದೇ ನೋಡು ಹಗುರ ಅಂದ್ರೆ, ಇಷ್ಟು ದಿನ ಸುಮ್ನೆ ಅಲೆದೆ ಅಂದುಕೊಂಡೆ.

ಇಲ್ಲೇ ನಾನು ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಪಪ್ಪಿ ಹಾರಿದ್ದು ಅದು ಹಗುರ ಅಂತ ಮಾತ್ರ ಅಲ್ಲ. ಅದು ಶುರುವಾಗುವಾಗಲೇ ತನ್ನನ್ನು ಪೂರ್ತಿ ರ‍್ಯಾಮ್‌ಗೆ ಇಳಿಸಿಕೊಳ್ಳುತ್ತೆ. ಆಮೇಲೆ ಹಾರ್ಡ್ ಡಿಸ್ಕ್‌ನ ಸಹವಾಸವೇ ಇಲ್ಲ. ಅಂದರೆ ನಾನು ಎರಡು ಓಎಸ್‌ಗಳನ್ನು ಹೋಲಿಸಿರಲಿಲ್ಲ. ಡಿಸ್ಕ್ ಇರುವ ಲ್ಯಾಪ್‌ಟಾಪನ್ನೂ ಡಿಸ್ಕ್ ಇಲ್ಲದ ಲ್ಯಾಪ್‌ಟಾಪನ್ನೂ ಹೋಲಿಸಿದ್ದೆ! ಡಿಸ್ಕ್ ಬಿಟ್ಟರೆ ಯಂತ್ರ ಓಡುತ್ತೆ ಅಂದಮೇಲೆ ರೋಗ ಎಲ್ಲಿದೆ ಅಂತ ಎರಡನೇ ಕ್ಲಾಸಿನ ಮಗುವೂ ಹೇಳುತ್ತೆ. ನನಗೆ ಹೊಳೆಯಲಿಲ್ಲ.

ಹಾಗಾದರೆ ಹೊಸ ಓಎಸ್ ಹಾಕಿದಾಗೆಲ್ಲ ಹತ್ತು ದಿನ ಚೆನ್ನಾಗಿ ಓಡಿದ್ದು ಹೇಗೆ? ಅದೇ ನನ್ನನ್ನು ಏಮಾರಿಸಿದ್ದು. ಡಿಸ್ಕ್‌ನಲ್ಲಿ ಕೆಲವು ಸೆಕ್ಟರ್‌ಗಳು (ಡೇಟಾ ಬರೆದಿಡುವ ಚಿಕ್ಕ ಚಿಕ್ಕ ಖಾನೆಗಳು) ಸಾಯತೊಡಗಿದಾಗ ಅದು ಅವುಗಳನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತೆ. ಒಂದು ಸೆಕ್ಟರ್‌ಗೆ ಎಷ್ಟೋ ಸೆಕೆಂಡು ಹೋಗಬಹುದು. ಅಷ್ಟು ಹೊತ್ತೂ ಅದನ್ನು ಕೇಳಿದ ಪ್ರೋಗ್ರಾಂ ಬಾಯಿ ಕಳೆದು ಕಾಯುತ್ತೆ; ಲಿನಕ್ಸ್ ಕೂಡ ಸಾಮಾನ್ಯವಾಗಿ 30 ಸೆಕೆಂಡು ಕಾದೇ ಕೈಬಿಡೋದು. ನನಗೆ ಕಾಣುತ್ತಿದ್ದ ಆ ‘ಅರ್ಧ ನಿಮಿಷ’ ಬಂದದ್ದು ಇಲ್ಲಿಂದ. ಆದರೆ ಅಂಥ ಜಾಗದ ಮೇಲೆ ಹೊಸದಾಗಿ ಬರೆದರೆ, ಡಿಸ್ಕ್ ಸದ್ದಿಲ್ಲದೆ ಆ ಸೆಕ್ಟರ್ ಬಿಟ್ಟು ತನ್ನ ಹತ್ತಿರ ಇಟ್ಟುಕೊಂಡ ಇನ್ನೊಂದು ಒಳ್ಳೇ ಸೆಕ್ಟರ್‌ಗೆ ಬರೆದುಕೊಳ್ಳುತ್ತೆ. ಹೊಸ ಓಎಸ್ ಹಾಕೋದು ಅಂದರೆ ಎಲ್ಲ ಹೊಸದಾಗಿ ಬರೆಯೋದೇ ಅಲ್ವಾ. ಹಾಗಾಗಿ ಪ್ರತಿ ಸಲವೂ ಗಾಯದ ಮೇಲೆ ಹೊಸ ಬಟ್ಟೆ ಸುತ್ತಿದ ಹಾಗಾಗುತ್ತಿತ್ತು. ಒಳಗೆ ಗಾಯ ಬೆಳೆಯುತ್ತಲೇ ಇತ್ತು. ಡಿ ಡ್ರೈವ್‌ನಲ್ಲಿದ್ದ ನನ್ನ ಹಳೇ ಫೈಲ್‌ಗಳನ್ನು ಯಾರೂ ಹೊಸದಾಗಿ ಬರೆಯಲಿಲ್ಲ, ಅವು ಇದ್ದಲ್ಲೇ ಕೊಳೆಯುತ್ತಿದ್ದವು.

ಸುಳಿವು ಕಣ್ಣೆದುರಿಗೇ ಇತ್ತು. ಟರ್ಮಿನಲ್ ಅನ್ನೋ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ ‘ಟಾಪ್’ ಅಂತ ಹೊಡೆದು ದಿನಾ ನೋಡುತ್ತಿದ್ದೆ. ಅದರ ಮೂರನೇ ಸಾಲಿನಲ್ಲಿ ‘ಡಬ್ಲ್ಯೂಎ’ ಅಂತ ಒಂದು ಅಂಕಿ ಬರುತ್ತೆ. ಪ್ರೊಸೆಸರ್ ಮಾಡೋಕೆ ಕೆಲಸವಿಲ್ಲದೆ, ಡಿಸ್ಕ್ ಯಾವಾಗ ಉತ್ತರ ಕೊಡುತ್ತೋ ಅಂತ ಕಾದ ಹೊತ್ತು ಅದು. ನನ್ನಲ್ಲಿ ಅದು ಶೇಕಡಾ 80, 85 ತೋರಿಸುತ್ತಿತ್ತು. ನಾನು ಮಾತ್ರ ಅದರ ಕೆಳಗಿನ ಸಾಲಿನ ರ‍್ಯಾಮ್ ಲೆಕ್ಕ ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತಿದ್ದೆ.

2021ರ ಕೊನೆಗೆ ಹತ್ತಿರದ ಊರಿನ ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆ ಟೈಪಿಂಗ್‌ಗೆ ಬಂತು. 112 ಪುಟ. ಹಳೇ ಮೇಷ್ಟ್ರುಗಳು ಕೈಬರಹದಲ್ಲಿ ಕೊಟ್ಟ ಲೇಖನಗಳು, ದಾನಿಗಳ ಪಟ್ಟಿ, ನೂರು ವರ್ಷದ ಹೆಡ್‌ಮಾಸ್ಟರುಗಳ ಹೆಸರು. ಎಲ್ಲ ಡಿ ಡ್ರೈವ್‌ಗೆ. ಟೈಪ್ ಮುಗಿದ ಹಾಗೆ ಹಸ್ತಪ್ರತಿಗಳನ್ನು ವಾಪಸ್ ಕೊಡುತ್ತಾ ಬಂದೆ, ಅಂಗಡಿಯಲ್ಲಿ ಜಾಗ ಇಲ್ಲ ಅಂತ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇತ್ತು, ಮೊದಲ 26 ಪುಟಗಳದ್ದು.

ಒಂದು ಬೆಳಗ್ಗೆ ಫೈಲ್ ತೆರೆಯಲಿಲ್ಲ. ಡಿಸ್ಕ್ ರಿಪೇರಿ ಮಾಡುವ ಉಪಕರಣ ಓಡಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಸಾಯುತ್ತಿರುವ ಡಿಸ್ಕ್‌ಗೆ ಅಷ್ಟು ಹೊತ್ತು ಕೆಲಸ ಕೊಡಲೇಬಾರದು. ಮೊದಲು ಡಿಡಿರೆಸ್ಕ್ಯೂ ಥರದ ಪ್ರೋಗ್ರಾಂನಿಂದ ಇಡೀ ಡಿಸ್ಕ್‌ನ ನಕಲು ಬೇರೆ ಕಡೆ ತೆಗೆದು, ಏನು ಮಾಡಿದರೂ ಆ ನಕಲಿನ ಮೇಲೆ ಮಾಡಬೇಕು. ನನಗೆ ಗೊತ್ತಾಗಿದ್ದು ಆಮೇಲೆ. ಪಕ್ಕದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಓಡಿದೆ. ಅವನು ಸ್ಕ್ರೀನ್ ನೋಡಲೇ ಇಲ್ಲ. ಲ್ಯಾಪ್‌ಟಾಪ್ ಎತ್ತಿ, ಎಡಗೈ ಇಡುವ ಜಾಗಕ್ಕೆ ಕಿವಿ ಇಟ್ಟ.

“ಅಣ್ಣ, ಟಕ್ ಟಕ್ ಅಂತಿದೆ, ಕೇಳಿಸ್ತಾ ಇಲ್ವಾ? ಎಷ್ಟು ದಿನ ಆಯ್ತು?”

ನಾನು ಅದನ್ನು ಫ್ಯಾನಿನ ಸದ್ದು ಅಂದುಕೊಂಡು ಆರು ತಿಂಗಳಾಗಿತ್ತು.

ಡೇಟಾ ತೆಗೆದುಕೊಡುವವರೊಬ್ಬರಿಗೆ ಬೆಂಗಳೂರಿಗೆ ಫೋನ್ ಮಾಡಿದೆ. ದರ ಕೇಳಿ ಫೋನ್ ಇಟ್ಟೆ, ಲ್ಯಾಪ್‌ಟಾಪ್‌ಗೂ ಅಷ್ಟು ಕೊಟ್ಟಿರಲಿಲ್ಲ. 86 ಪುಟ ಮತ್ತೆ ಟೈಪ್ ಮಾಡಿದೆ, ಹತ್ತೊಂಬತ್ತು ರಾತ್ರಿ. ಹಸ್ತಪ್ರತಿಗಾಗಿ ಮನೆಮನೆ ಅಲೆದೆ. ಒಬ್ಬ ನಿವೃತ್ತ ಮೇಷ್ಟ್ರು, “ಕೊಟ್ಟೆಯಲ್ಲಪ್ಪ ವಾಪಸ್ಸು, ಅದು ನೀರೊಲೆಗೆ ಹೋಯ್ತು” ಅಂದರು. ಪಾಪ, ನೆನಪಿನಿಂದ ಮತ್ತೆ ಬರೆದುಕೊಟ್ಟರು. ಎಂಟು ಪುಟ ಇದ್ದದ್ದು ಮೂರಾಯಿತು. (ನಿಜ ಹೇಳಬೇಕೆಂದರೆ ಮೂರು ಪುಟದ್ದೇ ಚೆನ್ನಾಗಿತ್ತು. ಅವರಿಗೆ ಹೇಳಿಲ್ಲ.) ಹೆಡ್‌ಮಾಸ್ಟರು ದಿನಾ ಸಂಜೆ ಐದಕ್ಕೆ ಫೋನ್: “ಏನಪ್ಪಾ, ಪ್ರೂಫ್ ಯಾವಾಗ ಕೊಡ್ತೀಯ?” ಆ ಕೆಲಸದ ಹಣ ಕೇಳೋಕೆ ಬಾಯಿ ಬರಲಿಲ್ಲ, ಅವರು ಕೊಟ್ಟಷ್ಟು ತಗೊಂಡೆ.

ಈಗ ನಿಮ್ಮ ವಿಷಯ. ಯಾವ ಓಎಸ್ ಹಗುರ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. 200 ಎಂಬಿ ತಿನ್ನುವ ಓಎಸ್, 600 ಎಂಬಿ ತಿನ್ನುವ ಓಎಸ್ ಅಂತ ಜಗಳ ಆಡಿ ಏನು ಬಂತು? ಅಪ್ಪ ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಾಕಿ ಪಕ್ಕದಲ್ಲಿ ಪೇಪರ್ ತೆರೆದರೆ ಬರೀ ಬ್ರೌಸರೇ ಒಂದು ಜಿಬಿ ರ‍್ಯಾಮ್ ದಾಟುತ್ತೆ. ಕ್ರೋಮ್‌ಗೆ ನಿಮ್ಮ ಓಎಸ್ ಎಷ್ಟು ಬಡವ ಅನ್ನೋದು ಬೇಕಾಗಿಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಲುಬುಂಟುವಿನಲ್ಲೇ ‘ಡಿಸ್ಕ್ಸ್’ ಅನ್ನೋ ಪ್ರೋಗ್ರಾಂ ಹಾಕಿಕೊಂಡು, ನಿಮ್ಮ ಡಿಸ್ಕ್ ಆರಿಸಿ, ಮೆನುವಿನಲ್ಲಿ ‘ಸ್ಮಾರ್ಟ್ ಡೇಟಾ’ ತೆರೆಯಿರಿ. ವಿಂಡೋಸ್ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕದ ಉದ್ದ ಪಟ್ಟಿ ಬರುತ್ತೆ, ಹೆದರಬೇಡಿ, ಎರಡೇ ಸಾಲು ನೋಡಿ. 5ನೇ ನಂಬರಿನ ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು 197ನೇ ನಂಬರಿನ ‘ಕರೆಂಟ್ ಪೆಂಡಿಂಗ್ ಸೆಕ್ಟರ್’. ಎರಡೂ ಸೊನ್ನೆ ಇರಬೇಕು. ಮೇಲ್ಗಡೆ ‘ಡಿಸ್ಕ್ ಚೆನ್ನಾಗಿದೆ’ ಅನ್ನೋ ಅರ್ಥದಲ್ಲಿ ಬರೆದಿರುತ್ತೆ, ಅದನ್ನು ನಂಬಬೇಡಿ. ನನ್ನದು ಸಾಯುವ ವಾರವೂ ಹಾಗೇ ಹೇಳುತ್ತಿತ್ತು.

ಸೊನ್ನೆ ಇದ್ದರೂ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್) ಹಾಕಿಸಿ ಅಂತಲೇ ನಾನು ಹೇಳೋದು. ಹಳೇ ಲ್ಯಾಪ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಸುತ್ತಿ ಬರಬೇಕು, ತಲೆ ಅಲ್ಲಿಗೆ ಹೋಗಬೇಕು. ಅಲ್ಲಲ್ಲಿ ಚದುರಿದ ಚಿಕ್ಕ ಚಿಕ್ಕ ತುಂಡುಗಳನ್ನು ಓದಬೇಕಾದರೆ ಸೆಕೆಂಡಿಗೆ ನೂರೂ ದಾಟಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ, ಲೆಕ್ಕ ಸಾವಿರಗಳಲ್ಲಿ. ನಾನು 240 ಜಿಬಿಯದು ಹಾಕಿದಾಗ ಸಾವಿರದ ಎಂಟುನೂರು ಆಗಿತ್ತು. ಎರಡೂವರೆ ಇಂಚಿನ ಸಾಟಾ ಅಂತ ಕೇಳಿ. ನನ್ನದರಲ್ಲಿ ಕೆಳಗಿನ ಮುಚ್ಚಳ ಬಿಚ್ಚಿ ನಾಲ್ಕು ಸ್ಕ್ರೂ ತೆಗೆದರೆ ಮುಗಿಯಿತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ 4 ಜಿಬಿ ರ‍್ಯಾಮ್ ಕೂಡ ಹುಡುಕಿ. ಈಗಿರುವ ಕಡ್ಡಿ ತೆಗೆದುಕೊಂಡೇ ಹೋಗಿ, ಆ ಕಾಲದ ಡಿಡಿಆರ್3 ರ‍್ಯಾಮ್‌ನಲ್ಲೇ ಎರಡು ಥರ ಇದೆ.

ಅಷ್ಟಾದ ಮೇಲೆ ಓಎಸ್? ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಮುಗೀತು. ಅಪ್ಪನಿಗೆ ಕೆಳಗೆ ಎಡಕ್ಕೆ ಮೆನು ಸಿಗುತ್ತೆ, ವಿಂಡೋಸ್ 7ರ ಹಾಗೇ ಕಾಣುತ್ತೆ, ನಿಮಗೆ ದಿನಾ ಫೋನ್ ಬರಲ್ಲ. ಆಂಟಿಎಕ್ಸ್ ಒಳ್ಳೆಯದೇ, ಆದರೆ ಅದು ನನ್ನಂಥ ಕೆಲಸವಿಲ್ಲದವರಿಗೆ. ಪಪ್ಪಿಯನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಳ್ಳಿ, ಕಷ್ಟಕಾಲಕ್ಕೆ ಫೈಲ್ ಕಾಪಿ ಮಾಡೋಕೆ ಆಗುತ್ತೆ. ಗೂಗಲ್‌ನ ಓಎಸ್ ಆದ ಕ್ರೋಮ್ ಓಎಸ್ ಫ್ಲೆಕ್ಸ್ 4 ಜಿಬಿ ರ‍್ಯಾಮ್ ಕೇಳುತ್ತೆ. ವಿಂಡೋಸ್ 10ರ ಕಾಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆ ಕಡೆ ತಿರುಗಿ ನೋಡಬೇಡಿ. ಮಿಂಟ್ ಹಾಕಿದ ಮೇಲೆ ವೈಫೈ ಕಾಣದಿದ್ದರೆ ಗಾಬರಿ ಬೇಡ. ಆ ಕಾಲದ ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್‌ಗಳ ಹಣೆಬರಹ ಅದು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಸಿಕ್ಕಿಸಿ ಟೆದರಿಂಗ್ (ಮೊಬೈಲಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿ, ‘ಡ್ರೈವರ್ ಮ್ಯಾನೇಜರ್’ ತೆರೆದರೆ ವೈಫೈ ಡ್ರೈವರ್ ಸಿಗುತ್ತೆ.

ಇನ್ನೊಂದು. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದಲ್ಲಿ ಮಾಡಿದ ಅಪ್ಪನ ಹಳೇ ಫೈಲ್‌ಗಳಿದ್ದರೆ, ವರ್ಡ್ ಥರ ಮಿಂಟ್‌ನಲ್ಲಿರುವ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣಬಹುದು. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಟ್ಟೀರಿ! ಅದು ಯುನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್, ಅಷ್ಟೇ. ಹಳೇ ವಿಂಡೋಸ್‌ನಿಂದ ಆ ನುಡಿ ಫಾಂಟ್ ಫೈಲ್ ಕಾಪಿ ಮಾಡಿಕೊಂಡು ಮಿಂಟ್‌ನಲ್ಲಿ ಹಾಕಿದರೆ ಅಕ್ಷರ ಸರಿಯಾಗುತ್ತೆ.

ಆ 5 ಮತ್ತು 197ನೇ ಸಾಲಿನ ಅಂಕಿ ಎಷ್ಟಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಸೊನ್ನೆ ಅಲ್ಲ ಅಂದರೆ ಉತ್ತರಕ್ಕೂ ಕಾಯಬೇಡಿ, ಮೊದಲು ಅಪ್ಪನ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಎಳೆದುಕೊಳ್ಳಿ.